ಐವತ್ತೊಂದು ಮೆಟ್ಟಿಲಿನ ಕಸರತ್ತು

ಹೆಗ್ಗನಹಳ್ಳಿಯ ಗೋಪೀನಾಥನಿಗೆ ಐವತ್ತು ತುಂಬಲು ಎಂಟು ತಿಂಗಳಿದ್ದಾಗ ಎದೆ ಬೆಳೆಸುವ ಹುಚ್ಚು ಹಿಡಿಯಿತೆಂದು ಅವನ ಬೀದಿಯವರೆಲ್ಲ ನಂಬಿದ್ದರು. ನಾನೂ ನಂಬಿದ್ದೆ. ವ್ಯತ್ಯಾಸ ಇಷ್ಟೇ, ನನ್ನ ನಂಬಿಕೆಯಲ್ಲಿ ಒಂದಿಷ್ಟು ಲಾಭವಿತ್ತು.

ಸುಂಕದಕಟ್ಟೆಯ ಹತ್ತಿರ, ಮಾಗಡಿ ರಸ್ತೆಯಲ್ಲಿ ನನ್ನದು ಹಳೆಯ ಜಿಮ್ ಸಾಮಾನಿನ ಅಂಗಡಿ. ಮುಚ್ಚುವ ಜಿಮ್ಮಿನಿಂದ ತಂದು ತೆರೆಯುವ ಜಿಮ್ಮಿಗೆ ಕೊಡುತ್ತೇನೆ. ನಡುವೆ ಒಂದು ಕೋಟು ಪೇಂಟು. ಮನೆಗಳಿಂದಲೂ ಬರುತ್ತದೆ. ಯಾವ ಕಸರತ್ತಿಗೆ ಎಷ್ಟು ಬೆಲೆ ಎಂದು ತಿಳಿಯಲು ದೊಡ್ಡ ಓದು ಬೇಕಿಲ್ಲ, ನನ್ನ ಗೋದಾಮಿಗೆ ಒಂದು ಸುತ್ತು ಬಂದರೆ ಸಾಕು. ಎದೆಯ ಬೆಂಚು ಎರಡು ವರ್ಷದಲ್ಲಿ ಮೂರು ಮನೆ ನೋಡಿ ಬರುತ್ತದೆ. ಸೊಂಟ ನಡುಗಿಸುವ ಬೆಲ್ಟು, ನಿಂತು ಹೊಟ್ಟೆ ತಿರುಗಿಸುವ ತಟ್ಟೆ, ಇವು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ವಾಪಸಾಗುತ್ತವೆ. ಟ್ರೆಡ್‌ಮಿಲ್ಲಿನ ಹಿಡಿಕೆಯ ಮೇಲೆ ಒದ್ದೆ ಪಂಚೆ ಒಣಹಾಕಿದ ಗುರುತಿರುತ್ತದೆ. ಬರಿಯ ಕಬ್ಬಿಣದ ರಾಡು, ತೂಕದ ಬಿಲ್ಲೆ ಮಾತ್ರ ಒಮ್ಮೆ ಹೋದರೆ ಮರಳುವುದಿಲ್ಲ. ಆದರೆ ಅವನ್ನು ಕೇಳಿಕೊಂಡು ಬರುವವರೇ ಕಡಿಮೆ. ಜನಕ್ಕೆ ಮಡಿಚುವ, ತಿರುಗುವ, ಬೀಪ್ ಎನ್ನುವ ಸಾಮಾನು ಬೇಕು. ಬೇಡ ಎಂದು ಬುದ್ಧಿ ಹೇಳಲು ನಾನೇನು ಮಠ ನಡೆಸುತ್ತಿಲ್ಲ.

ಗೋಪೀನಾಥ ಬಂದದ್ದು ಯುಗಾದಿ ಕಳೆದ ಮೊದಲ ಶನಿವಾರ. ಸಣ್ಣ ಭುಜ, ಮುಂದಕ್ಕೆ ಬಾಗಿದ ಕತ್ತು, ಷರಟಿನ ಜೇಬಿನಲ್ಲಿ ಎರಡು ಪೆನ್ನು. ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೋರ್ ಕ್ಲರ್ಕು. ಕಾಗದದ ಬಂಡಲು ಎಣಿಸುವುದು ಅವನ ಕೆಲಸ, ಎತ್ತುವುದು ಬೇರೆಯವರದು. ಸ್ಕೂಲಿನಲ್ಲಿ ಕಬಡ್ಡಿ ಟೀಮಿನಲ್ಲಿದ್ದೆ ಎಂದು ಮುಂದೊಂದು ದಿನ ಹೇಳಿದ. ಕೆದಕಿ ಕೇಳಿದರೆ ಪಾಯಿಂಟು ಬರೆಯುತ್ತಿದ್ದನಂತೆ.

"ಏನ್ ಬೇಕಿತ್ತು ಸಾರ್?" ಅಂದೆ.

"ಹಂಗೇ, ಬಾಡಿ ಸ್ವಲ್ಪ ಫಿಟ್ ಆಗ್ಬೇಕಿತ್ತು."

"ಯಾವ್ ಕಡೆ ಫಿಟ್ ಆಗ್ಬೇಕು?"

ಅವನು ಯೋಚಿಸಿದ. "ಎಲ್ಲಾ ಕಡೆ."

ಎಲ್ಲಾ ಕಡೆ ಅಂದ ಗಿರಾಕಿಗೆ ಎಲ್ಲಾ ಸಾಮಾನೂ ಬೇಕಾಗುತ್ತದೆ. ಒಂದು ಬೆಂಚು, ಎರಡು ಜೊತೆ ಡಂಬೆಲ್ಲು, ತೋಳಿಗೆಂದು ಬಾಗಿಸಿದ ರಾಡು, ಸೊಂಟಕ್ಕೆ ಬಿಗಿಯುವ ಚರ್ಮದ ಪಟ್ಟಿ. ಪಟ್ಟಿಯನ್ನು ಅವನು ಕೇಳಿರಲಿಲ್ಲ, ನಾನೇ ನೆನಪಿಸಿದೆ.

"ಮನೆ ಎಷ್ಟನೇ ಮಹಡಿ?"

"ಮೂರನೇದು."

"ಲಿಫ್ಟ್ ಇದೆಯಾ?"

"ಲಿಫ್ಟ್ ಇದ್ದಿದ್ರೆ ನಾನು ಇಲ್ಲಿಗೇ ಬರ್ತಿರ್ಲಿಲ್ಲ ಅಣ್ಣ" ಅಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಕ್ಕೆ. ಅವನೂ ಸಭ್ಯತೆಗೆ ನಕ್ಕ.

ತಮಾಷೆಯಲ್ಲ ಎಂದು ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ನಿಮ್ಮನ್ನು ಅಷ್ಟು ದಿನ ಕಾಯಿಸುವುದಿಲ್ಲ. ಗೋಪೀನಾಥನಿಗೆ ಎದೆ ಬೇಕಾಗಿರಲಿಲ್ಲ. ಗೌರಿ ಹಬ್ಬದ ದಿನ ಎಂಬತ್ತೊಂದು ವರ್ಷದ ಅಮ್ಮನನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಸಬೇಕಾಗಿತ್ತು. ಅಷ್ಟೇ.

ಗೋಪೀನಾಥನ ತಾತನ ಕಾಲಕ್ಕೆ ಹೆಗ್ಗನಹಳ್ಳಿ ರಾಗಿ ಹೊಲ. ಅಪ್ಪ ಕೃಷ್ಣಯ್ಯನ ಕಾಲಕ್ಕೆ ಹೊಲವೆಲ್ಲ ಸೈಟಾಗಿ, ಪಾಲಾಗಿ, ಕೊನೆಗೆ ಇವರಿಗೆಂದು ಇಪ್ಪತ್ತು ಮೂವತ್ತು ಅಡಿಯ ಒಂದು ತುಂಡು ಉಳಿಯಿತು. ನೆಲ ಅಗಲವಾಗಿದ್ದಾಗ ಮನೆ ಒಂದಂತಸ್ತಿತ್ತು. ನೆಲ ಚಿಕ್ಕದಾದ ಮೇಲೆ ಮನೆ ಮೇಲಕ್ಕೆ ಬೆಳೆಯಿತು. ನೆಲಮಟ್ಟದಲ್ಲಿ ಲೇತ್ ಮಷೀನಿನ ವರ್ಕ್‌ಶಾಪು, ಅದರ ಮೇಲೆ ಎರಡು ಮಹಡಿ ಬಾಡಿಗೆಗೆ, ತುದಿಯಲ್ಲಿ ಮಾಲೀಕರು, ಅಂದರೆ ಗೋಪೀನಾಥ, ಹೆಂಡತಿ, ಮುಪ್ಪಾದ ಅಪ್ಪ ಅಮ್ಮ. ನಮ್ಮ ಕಡೆ ಮಾಲೀಕನನ್ನು ಗುರುತಿಸುವುದು ಸುಲಭ: ಎಲ್ಲರಿಗಿಂತ ಹೆಚ್ಚು ಮೆಟ್ಟಿಲು ಹತ್ತುವವನು ಅವನು. ಮೆಟ್ಟಿಲಿಗೆ ಕೊಟ್ಟ ಜಾಗ ಬಾಡಿಗೆ ತರುವುದಿಲ್ಲವಾದ್ದರಿಂದ ಯಾರೂ ಜಾಗ ಕೊಡುವುದಿಲ್ಲ. ಅಲ್ಲಿ ಒಬ್ಬ ಇಳಿಯುತ್ತಿದ್ದರೆ ಇನ್ನೊಬ್ಬ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ತಿರುವುಗಳಲ್ಲಂತೂ ಕುರ್ಚಿ ಕೂಡ ಹೊರಳುವುದಿಲ್ಲ.

ಗೋಪೀನಾಥನ ತಾಯಿ ಚಿಕ್ಕಲಕ್ಷ್ಮಮ್ಮ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು. ಆಂಬುಲೆನ್ಸಿನ ಇಬ್ಬರು ಬಟ್ಟೆಯ ಸ್ಟ್ರೆಚರಿನಲ್ಲಿ ಮೇಲಕ್ಕೆ ಹೊತ್ತು ತಂದರು. ಎರಡನೇ ತಿರುವಿನಲ್ಲಿ ಮುಂದಿನವನು ಎಡಕ್ಕೆ, ಹಿಂದಿನವನು ಬಲಕ್ಕೆ ಎಳೆದಾಗ ಹೊಲಿಗೆ ಹಾಕಿದ ಕಾಲು ಗೋಡೆಗೆ ತಗುಲಿತು. "ಇಬ್ರು ಹೊತ್ರೆ ಇಬ್ರದೂ ಬುದ್ಧಿ ಬೇರೆ" ಎಂದು ಅವತ್ತೇ ತೀರ್ಪು ಕೊಟ್ಟರು. ಇನ್ನೆಂದೂ ಹೊರಗಿನವರ ಕೈಯಲ್ಲಿ ಆ ಮೆಟ್ಟಿಲು ಇಳಿಯುವುದಿಲ್ಲ ಎಂದರು, ಇಳಿಯಲೂ ಇಲ್ಲ. ಮನೆಯೊಳಗೆ ವಾಕರ್ ಹಿಡಿದು ಅಡುಗೆಮನೆಯವರೆಗೆ ಬಂದು ಸೊಸೆಯ ಒಗ್ಗರಣೆಗೆ ತಪ್ಪು ಹುಡುಕುವಷ್ಟು ಚೇತರಿಸಿಕೊಂಡರು. ಮೆಟ್ಟಿಲು ಮಾತ್ರ ಆಗದು.

ಕೆಂಗೇರಿಯಲ್ಲಿರುವ ಅವರ ತಮ್ಮ ನಂಜುಂಡಪ್ಪನಿಗೆ ಎಪ್ಪತ್ತಾರು, ಎರಡೂ ಮೊಣಕಾಲು ಸವೆದಿವೆ. ಚಿಕ್ಕಲಕ್ಷ್ಮಮ್ಮನಿಗೆ ಮದುವೆಯಾಗಿ ಅರವತ್ತೆರಡು ವರ್ಷ. ಗೌರಿ ಹಬ್ಬದ ತವರಿನ ಬಾಗಿನ ಒಂದು ವರ್ಷವೂ ತಪ್ಪಿಲ್ಲ. ಮೊದಲು ಅಪ್ಪ ತರುತ್ತಿದ್ದ, ಆಮೇಲೆ ತಮ್ಮ. ಅರಿಶಿನ ಬಳಿದ ಜೋಡಿ ಮೊರ, ಒಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ. ಕಳೆದ ಹಬ್ಬಕ್ಕೆ ನಂಜುಂಡಪ್ಪ ಹನ್ನೆರಡು ಮೆಟ್ಟಿಲು ಹತ್ತಿ ಅಲ್ಲೇ ಕುಳಿತುಬಿಟ್ಟ. ಅವನನ್ನು ಕೆಳಗಿಳಿಸಿ ವರ್ಕ್‌ಶಾಪಿನ ಮುಂದೆ ಕುರ್ಚಿ ಹಾಕಿದರು. ಅಕ್ಕ ಮೇಲಿನ ಗ್ರಿಲ್ಲಿನಿಂದ ನೋಡಿದಳು. ಕಂಡದ್ದು ಬೋಳುತಲೆ ಮಾತ್ರ. ಇಬ್ಬರೂ ಫೋನಿನಲ್ಲಿ ಮಾತಾಡಿದರು. ಮೊರವನ್ನು ಗೋಪೀನಾಥನ ಹೆಂಡತಿ ಕುಸುಮಾ ಮೇಲೆ ತಂದಳು.

"ಕೈ ಬದಲಾದ ಬಾಗಿನ ನಂಗೆ ಬೇಡ" ಅಂದರು ಚಿಕ್ಕಲಕ್ಷ್ಮಮ್ಮ. "ಬೀರು ಮೇಲಿಡು. ಬರೋ ವರ್ಷ ಅವನ ಕೈಯಾರೆ ಎರಡೂ ಒಟ್ಟಿಗೆ ತಗೋತೀನಿ."

ಬರುವ ವರ್ಷವೆಂಬುದು ಈ ವಯಸ್ಸಿನವರಿಗೆ ಎಷ್ಟು ಗಟ್ಟಿ ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ನಂಜುಂಡಪ್ಪನಿಗೆ ಹೃದಯಕ್ಕೆ ಸ್ಟೆಂಟು ಹಾಕಿದರು. ಬೀರುವಿನ ಮೇಲೆ ಮೊರ ಹಾಗೇ ಕುಳಿತಿತ್ತು.

ಇದನ್ನೆಲ್ಲ ಗೋಪೀನಾಥ ಯಾರಿಗೂ ಹೇಳಲಿಲ್ಲ. ಹೇಳಿದರೆ ಬೀದಿಯವರು ಏನನ್ನುತ್ತಾರೆಂದು ಅವನಿಗೆ ಗೊತ್ತಿತ್ತು: ಕೆಳಗಿನದೆಲ್ಲ ಬಾಡಿಗೆಗೆ ಕೊಟ್ಟು ಹೆತ್ತವಳನ್ನು ಮೇಲೆ ಕೂಡಿಹಾಕಿದ್ದಾನೆ. ಐವತ್ತರ ಹೊಸ್ತಿಲಲ್ಲಿ ಷೋಕಿ ಹತ್ತಿದೆ ಅನ್ನಿಸಿಕೊಳ್ಳುವುದೇ ಅದಕ್ಕಿಂತ ವಾಸಿ ಅನ್ನಿಸಿತು. ಅನ್ನಪೂರ್ಣೇಶ್ವರಿ ನಗರದ ಒಂದು ಜಿಮ್ಮಿಗೂ ಸೇರಿಕೊಂಡ. ಅಲ್ಲಿಯ ಟ್ರೇನರ್ ಜೀವನ್‌ಗೂ ಅದೇ ಮಾತು: ಫಿಟ್ ಆಗಬೇಕು. ಜೀವನ್‌ಗೆ ಇಪ್ಪತ್ತನಾಲ್ಕು ವರ್ಷ. ಅವನ ನಿಘಂಟಿನಲ್ಲಿ ಫಿಟ್ ಎಂದರೆ ಸೊಂಟದಿಂದ ಮೇಲಕ್ಕೆ. ಸೋಮವಾರ ಎದೆ, ಮಂಗಳವಾರ ತೋಳು, ಬುಧವಾರ ಭುಜ, ಗುರುವಾರ ಮತ್ತೆ ಎದೆ. "ನೋವು ಬಂತಾ ಸಾರ್? ಬಂದ್ರೆ ಬೆಳೀತಿದೆ ಅಂತ." ಗೋಪೀನಾಥನಿಗೆ ನೋವು ಧಾರಾಳವಾಗಿ ಬಂತು. ಹಾಲಿಗೆ ಪ್ರೋಟೀನ್ ಪುಡಿ ಬೆರೆಸಿ ಕುಡಿದ. ಬೆಳಿಗ್ಗೆ ಐದಕ್ಕೆದ್ದು ಬೆವರು ಸುರಿಯುವವರೆಗೆ ಓಡಿದ. ನಿದ್ದೆ ಆರು ಗಂಟೆಯಿಂದ ಐದಕ್ಕಿಳಿಯಿತು. ಎರಡು ತಿಂಗಳಲ್ಲಿ ಷರಟಿನ ತೋಳು ನಿಜಕ್ಕೂ ಬಿಗಿಯಾಯಿತು. ಪ್ರೆಸ್ಸಿನಲ್ಲಿ ಯಾರೋ "ಏನ್ ಗುರು, ಎರಡನೇ ಮದ್ವೇನಾ" ಅಂದರಂತೆ.

ಜೂನ್ ಮೊದಲ ಭಾನುವಾರ ಅವನು ಒಂದು ಪರೀಕ್ಷೆ ಮಾಡಿಕೊಂಡ. ಅಮ್ಮನ ತೂಕ ನಲವತ್ತಾರು ಕೆಜಿ. ಸುಮಾರು ಅರ್ಧದಿಂದ ಶುರುಮಾಡೋಣ ಎಂದು ಇಪ್ಪತ್ತಾರು ಕೆಜಿಯ ಅಕ್ಕಿ ಮೂಟೆ ಬೆನ್ನಿಗೇರಿಸಿ ಇಳಿಯತೊಡಗಿದ. ಮೊದಲ ಹದಿನೇಳು ಮೆಟ್ಟಿಲು ಸಲೀಸು. ಎರಡನೇ ಸಾಲಿನ ನಡುವೆ ಎಡ ಮೊಣಕಾಲು ತನ್ನಷ್ಟಕ್ಕೆ ನಡುಗಿತು. ತಿರುವಿನಲ್ಲಿ ಗೋಡೆಗೊರಗಿ, ಮೂಟೆಯ ಪಕ್ಕದಲ್ಲೇ ಕುಳಿತ. ಎದೆಗೂ ತೋಳಿಗೂ ಆ ಹೊತ್ತಿನಲ್ಲಿ ಯಾವ ಕೆಲಸವೂ ಇರಲಿಲ್ಲ, ಸುಮ್ಮನೆ ಜೊತೆಗೆ ಬಂದಿದ್ದವು.

ಸದ್ದು ಕೇಳಿ ಕುಸುಮಾ ಮೇಲಿನಿಂದ ಬಗ್ಗಿ ನೋಡಿದಳು. "ಅಕ್ಕೀನ ಮೇಲಿಂದ ಕೆಳಕ್ಕೆ ಯಾಕ್ರೀ ಹೊರ್ತಿದೀರ? ಅಂಗಡಿಗೆ ವಾಪಸ್ ಕೊಡ್ತಿದೀರಾ?"

ಮರುದಿನ ಸಂಜೆ ಬೆಂಚನ್ನು ಆಟೋದಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬಂದ. ಅರ್ಧ ಬೆಲೆಗೆ ತೆಗೆದುಕೊಂಡೆ. ಅದು ನಮ್ಮ ಕಸುಬಿನ ಪದ್ಧತಿ, ಅವನೂ ತಕರಾರು ಮಾಡಲಿಲ್ಲ. ಆಟೋದಿಂದ ಇಳಿಸಿಕೊಂಡವನು ಬೈರಪ್ಪ. ನನ್ನಲ್ಲಿ ಹದಿನೆಂಟು ವರ್ಷದಿಂದ ಸಾಮಾನು ಹೊರುವವನು, ವಯಸ್ಸು ಐವತ್ತಾರು. ನಾನು ಮಾರುವ ಯಾವ ಮಷೀನನ್ನೂ ಅವನು ಜನ್ಮದಲ್ಲಿ ಬಳಸಿದವನಲ್ಲ. ಎಲ್ಲವನ್ನೂ ಬೆನ್ನ ಮೇಲೆ ಹಾಕಿಕೊಂಡು ಮೂರು ನಾಲ್ಕು ಮಹಡಿ ಹತ್ತಿಸಿದ್ದಾನೆ.

"ಯಾಕಣ್ಣ, ಎರಡೇ ತಿಂಗಳಿಗೆ?" ಅಂದ ಬೈರಪ್ಪ.

"ಇದರಿಂದ ನನ್ನ ಕೆಲ್ಸ ಆಗಲ್ಲ."

"ಏನ್ ಕೆಲ್ಸ?"

ಗೋಪೀನಾಥ ನನ್ನ ಮುಖ ನೋಡಿದ, ರಸ್ತೆ ನೋಡಿದ. ಆಮೇಲೆ ಹೇಳಿಬಿಟ್ಟ. ಬಾಗಿನ, ಮೊರ, ಮೆಟ್ಟಿಲು, ಅಕ್ಕಿ ಮೂಟೆ, ಎಲ್ಲ. ಬೈರಪ್ಪನಿಗೆ ಹೇಳುವುದು ಸುಲಭವಾಗಿದ್ದಿರಬೇಕು. ಆ ಮೆಟ್ಟಿಲನ್ನು ಬೆನ್ನ ಮೇಲೆ ಭಾರವಿಟ್ಟುಕೊಂಡು ಕಂಡ ಇನ್ನೊಬ್ಬ ಮನುಷ್ಯ ಊರಲ್ಲಿ ಅವನೊಬ್ಬನೇ.

"ನಿಮ್ಮ ಮೆಟ್ಲು ಗೊತ್ತು ಬಿಡಿ. ಎರಡನೇ ತಿರುವಲ್ಲಿ ನನ್ನ ಮೊಣಕೈ ಚರ್ಮ ಇನ್ನೂ ಅಲ್ಲೇ ಇರ್ಬೇಕು" ಅಂದ ಬೈರಪ್ಪ. ಬೆಂಚಿನ ಮೇಲೆ ಕುಳಿತ. ಅದು ನನಗೆ ತಿಳಿದಂತೆ ಆ ಬೆಂಚಿನ ಅತ್ಯುತ್ತಮ ಬಳಕೆ. "ಹತ್ತೋದಕ್ಕೆ ಉಸಿರು ಬೇಕು, ಇಳಿಯೋದಕ್ಕೆ ಮೊಣಕಾಲು ಬೇಕು. ಹತ್ತೋವಾಗ ಸೋತ್ರೆ ನಿಂತ್ಕೋಬಹುದು. ಇಳಿಯೋವಾಗ ಸೋತ್ರೆ ಮೆಟ್ಲೇ ನಿಮ್ಮನ್ನ ಕರ್ಕೊಂಡು ಹೋಗತ್ತೆ."

"ಏನ್ ಮಾಡ್ಲಿ ಹಂಗಾದ್ರೆ?"

"ಕೆಳಗಿನ ಮೆಟ್ಲು ಒಂದೇ. ಅದನ್ನೇ ಇಳೀರಿ. ಒಂದ್ ಕಾಲು ಮೇಲಿರ್ಲಿ, ಇನ್ನೊಂದು ಕೆಳಗೆ ಮುಟ್ಟೋಷ್ಟರಲ್ಲಿ ಐದು ಎಣಿಸ್ಬೇಕು. ಧೊಪ್ ಅಂದ್ರೆ ಲೆಕ್ಕಕ್ಕಿಲ್ಲ."

ಗೋಪೀನಾಥ ಇನ್ನೇನೋ ಬರುತ್ತದೆಂದು ಕಾದ. ಏನೂ ಬರಲಿಲ್ಲ. "ಇಷ್ಟೇನಾ?"

"ಮಾಡಿ ನೋಡಿ."

ಮಾಡಿ ನೋಡಿದ. ಮಾರನೆಯ ದಿನ ಪ್ರೆಸ್ಸಿನಲ್ಲಿ ಕುರ್ಚಿಯಿಂದ ಏಳಲು ಮೇಜು ಹಿಡಿಯಬೇಕಾಯಿತು.

ಹದಿನೈದು ದಿನ ಒಂದೇ ಮೆಟ್ಟಿಲು. ಬೀದಿಯವರಿಗೆ ಈಗ ಎದೆಯ ಹುಚ್ಚಿಗಿಂತ ದೊಡ್ಡ ಹುಚ್ಚು ಕಾಣಿಸಿತು: ಮನೆಯ ಮಾಲೀಕ ದಿನಾ ಬೆಳಿಗ್ಗೆ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಾನೆ, ಮೇಲೆ ಹೋಗುವುದೂ ಇಲ್ಲ, ಆಚೆ ಬರುವುದೂ ಇಲ್ಲ. ಆಮೇಲೆ ಬೈರಪ್ಪ ಎರಡು ಖಾಲಿ ಪೇಂಟ್ ಬಕೆಟ್ಟಿಗೆ ಮರಳು ತುಂಬಿಸಿ ಕೈಗೆ ಕೊಟ್ಟ. ಟೆರೇಸಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುವುದು, ಭುಜ ಕುಸಿಯಬಾರದು, ಬಕೆಟ್ಟು ತೊಡೆಗೆ ತಾಕಬಾರದು. ಸುಮ್ಮನೆ ಹೊತ್ತು ನಡೆಯುವುದನ್ನು ಯಾರೂ ಕಸರತ್ತೆಂದು ಕರೆಯುವುದಿಲ್ಲ. ಕರೆದರೆ ಅದಕ್ಕೊಂದು ಮಷೀನು ಮಾಡಿ ನಾನೂ ಮಾರಬಹುದಿತ್ತು. ಮೂರನೇ ವಾರಕ್ಕೆ ಗೋಪೀನಾಥನ ಬಾಗಿದ ಕತ್ತು ಸ್ವಲ್ಪ ನೆಟ್ಟಗಾದದ್ದನ್ನು ಕುಸುಮಾ ಗಮನಿಸಿದಳು. ಹೇಳಲಿಲ್ಲ, ಹೇಳಿದರೆ ಪ್ರೋಟೀನ್ ಪುಡಿಯ ಇನ್ನೊಂದು ಡಬ್ಬ ತಂದಾನೆಂದು ಭಯ.

ಒಂದೇ ವಿಷಯದಲ್ಲಿ ಅವನಿಗೂ ಬೈರಪ್ಪನಿಗೂ ಜಗಳವಾಯಿತು. ಹಬ್ಬ ಹತ್ತಿರ ಬರುತ್ತಿದೆಯೆಂದು ಗೋಪೀನಾಥ ದಿನವೂ ಮೂಟೆ ಹೊರಲು ಶುರುಮಾಡಿದ್ದ.

"ದಿನ ಬಿಟ್ಟು ದಿನ ಅಂದಿದ್ನಲ್ಲ ಸಾರ್."

"ಟೈಮ್ ಎಲ್ಲಿದೆ ಬೈರಪ್ಪ? ಇನ್ನು ಒಂದೂವರೆ ತಿಂಗಳು."

"ನಿಮ್ಮ ತಾತ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡ್ತಿದ್ರಾ?"

"ಇಲ್ಲ."

"ಅವ್ರಿಗೇನು ಹೊಲದಲ್ಲಿ ಕೆಲ್ಸ ಇರ್ಲಿಲ್ವಾ? ಎತ್ತಿಗೇ ವಾರಕ್ಕೊಂದು ರಜ. ನೀವು ಕುರ್ಚೀಲಿ ಕೂತ್ಕೊಳ್ಳೋ ಪ್ರಾಣಿ, ನಿಮಗೆ ಮೂರು ಬೇಕು. ಮಲ್ಕೊಳ್ಳಿ. ಮಲಗ್ದಾಗ್ಲೇ ಕಾಲು ಗಟ್ಟಿ ಆಗೋದು."

ಬೆಳಗಿನ ಓಟ ನಿಂತಿತು, ನಿದ್ದೆ ಏಳು ಗಂಟೆಯಷ್ಟಾಯಿತು. ಜಿಮ್ಮಿಗೆ ಹೋಗಿ ಜೀವನ್‌ಗೂ ನಿಜ ಹೇಳಿದ. ಹುಡುಗ ಕೈಯಲ್ಲಿದ್ದ ಡಂಬೆಲ್ಲು ಕೆಳಗಿಟ್ಟ.

"ಮೊದ್ಲೇ ಹೇಳ್ಬಾರ್ದಾ ಸಾರ್? ಎರಡು ತಿಂಗಳು ನಿಮಗೆ ಸುಮ್ನೆ ಎದೆ ಮಾಡಿಸ್ದೆ. ಇಲ್ಲಿ ಕಾಲಿನ ದಿನ ಅಂತ ಇಟ್ರೆ ಯಾರೂ ಬರಲ್ಲ ಸಾರ್. ನಮ್ಮ ಕನ್ನಡೀಲಿ ಕಾಲು ಕಾಣಲ್ಲ."

ಸೊಂಟದ ಮೇಲಕ್ಕೆ ಮಾತ್ರ ಕಾಣುವ ಆ ಕನ್ನಡಿಗಳನ್ನು ಜಿಮ್ಮಿಗೆ ಮಾರಿದವನು ನಾನೇ, ಅಗ್ಗಕ್ಕೆ ಸಿಕ್ಕಿದ್ದವು. ಜೀವನ್ ಕೆಟ್ಟ ಟ್ರೇನರ್ ಏನಲ್ಲ. ಅವತ್ತಿನಿಂದ ಗೋಪೀನಾಥನಿಗೆ ತೂಕವನ್ನು ಎದೆಗಪ್ಪಿಕೊಂಡು ಕೂತು ಏಳುವುದನ್ನು, ಬೆನ್ನು ನೇರವಿಟ್ಟು ನೆಲದಿಂದ ಎತ್ತುವುದನ್ನು ಕಲಿಸಿದ. ಚರ್ಮದ ಪಟ್ಟಿ ಬೇಡ, ಹೊಟ್ಟೆಯೇ ಪಟ್ಟಿ ಅಂದ. ಪಟ್ಟಿ ನನಗೆ ವಾಪಸು ಬಂತು.

ಆಗಸ್ಟ್ ಮೊದಲ ವಾರಕ್ಕೆ ಗೋಪೀನಾಥ ಐವತ್ತು ಕೆಜಿಯ ಮರಳಿನ ಮೂಟೆ ಹೊತ್ತು ಐವತ್ತೊಂದು ಮೆಟ್ಟಿಲು ಇಳಿದ. ಪ್ರತಿ ತಿರುವಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಹತ್ತು ಉಸಿರು ತೆಗೆದುಕೊಂಡ. ಧೊಪ್ ಎನ್ನುವ ಸದ್ದು ಒಂದು ಕಡೆಯೂ ಇರಲಿಲ್ಲ. ಅಮ್ಮನಿಗಿಂತ ನಾಲ್ಕು ಕೆಜಿ ಜಾಸ್ತಿ. ಕೆಲಸ ಮುಗಿಯಿತೆಂದೇ ಎಲ್ಲರೂ ಅಂದುಕೊಂಡೆವು.

ಮೂಟೆಗೆ ಕೈಯಿಲ್ಲ ಎಂಬುದನ್ನು ಯಾರೂ ಯೋಚಿಸಿರಲಿಲ್ಲ.

ಹಬ್ಬಕ್ಕೆ ಎರಡು ವಾರವಿರುವಾಗ ಅಮ್ಮನನ್ನೇ ಹೊತ್ತು ನೋಡುವುದೆಂದು ತೀರ್ಮಾನವಾಯಿತು. ಬೆನ್ನ ಮೇಲೆ ಕಾಲು ಅಗಲಿಸಿ ಕೂರಬಹುದೆಂದು ಮನೆಗೆ ಬರುವ ಫಿಸಿಯೋಥೆರಪಿಯವಳು ಪರೀಕ್ಷಿಸಿ ಹೇಳಿದ್ದಳು. ಮೂರು ತಿಂಗಳಿಂದ ಅವಳು ಚಿಕ್ಕಲಕ್ಷ್ಮಮ್ಮನಿಂದ ಕುರ್ಚಿಯಿಂದ ಏಳುವುದು, ಕೂರುವುದು, ದಿನಕ್ಕೆ ಮೂವತ್ತು ಸಲ ಮಾಡಿಸುತ್ತಿದ್ದಳು. ಅದರ ಜೊತೆ ಒದ್ದೆ ಟವೆಲ್ ಹಿಂಡುವುದು. "ಇದೇನು ಕಸರತ್ತೇನೇ, ಅರವತ್ತು ವರ್ಷ ಇದನ್ನೇ ತಾನೆ ಮಾಡಿರೋದು" ಎಂದು ಗೊಣಗಿಕೊಂಡೇ ಅವರು ಮಾಡುತ್ತಿದ್ದರು. ಬೈರಪ್ಪ ಎರಡು ಮೆಟ್ಟಿಲು ಕೆಳಗೆ ಮೇಲ್ಮುಖವಾಗಿ ನಿಂತ. ಗೋಪೀನಾಥ ಮಂಚದ ಮುಂದೆ ಬಗ್ಗಿ, ಚಿಕ್ಕವನಿದ್ದಾಗ ಅಮ್ಮ ತನ್ನನ್ನು ಕೂಸುಮರಿ ಮಾಡಿದಂತೆ ಅಮ್ಮನನ್ನು ಬೆನ್ನಿಗೇರಿಸಿದ.

ಮೊದಲ ಮೆಟ್ಟಿಲು ಇಳಿದ. ಎರಡನೆಯದಕ್ಕೆ ಕಾಲು ಇಡುವಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ಎರಡೂ ಕೈಯಲ್ಲಿ ಮೆಟ್ಟಿಲ ಪಕ್ಕದ ಕಂಬಿ ಹಿಡಿದುಕೊಂಡರು. ಮಗ ಮುಂದಕ್ಕೆ, ತಾಯಿ ಹಿಂದಕ್ಕೆ. ಗೋಪೀನಾಥನ ಬೆನ್ನು ಬಿಲ್ಲಾಯಿತು. ಬೈರಪ್ಪ ಮೇಲೆ ನುಗ್ಗಿ ಇಬ್ಬರನ್ನೂ ಗೋಡೆಗೆ ಒತ್ತಿ ನಿಲ್ಲಿಸದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

"ಅಮ್ಮ, ಕಂಬಿ ಬಿಡಿ."

"ಬಿಡಲ್ಲ ಕಣೋ."

"ಬಿಡದೇ ಇದ್ರೆ ಇಳಿಯೋಕಾಗಲ್ಲ."

"ಇಳಿಯೋದೇ ಬೇಡ. ಒಳಗೆ ನಡಿ."

ಒಳಗೆ ಕೂರಿಸಿದರು. ಕುಸುಮಾ ನೀರು ತಂದುಕೊಟ್ಟಳು. ಎರಡೂವರೆ ತಿಂಗಳ ಮೊಣಕಾಲು, ಬಕೆಟ್ಟು, ನಿದ್ದೆ, ಎಲ್ಲ ಎರಡನೇ ಮೆಟ್ಟಿಲಿಗೆ ಮುಗಿದಿತ್ತು.

"ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಗೋಪಿ" ಅಂದರು ಚಿಕ್ಕಲಕ್ಷ್ಮಮ್ಮ, ಸ್ವಲ್ಪ ಹೊತ್ತಾದ ಮೇಲೆ. "ನೀನು ಇಳೀತೀಯ, ನಾನು ನೋಡ್ಕೊಂಡು ಕೂತಿರ್ಬೇಕು. ಯಾವಾಗ ಕಾಲಿಡ್ತೀಯೋ, ಯಾವಾಗ ನಿಲ್ತೀಯೋ, ನಂ ಕೈಯಲ್ಲಿ ಏನಿದೆ? ಅದಕ್ಕೇ ಕೈ ತಾನಾಗೇ ಹೋಗತ್ತೆ."

ಬೈರಪ್ಪ ಬಾಗಿಲ ಬಳಿ ಮೊಣಕೈ ನೋಡಿಕೊಳ್ಳುತ್ತ ನಿಂತಿದ್ದ. ಮತ್ತೆ ಅದೇ ಗೋಡೆಗೆ ಚರ್ಮ ಕೊಟ್ಟಿದ್ದ. "ಅವ್ವಾ, ನಿಮ್ಮ ತವರು ಕೆಂಗೇರಿ ಅಲ್ವಾ? ಗಾಡಿ ಇತ್ತಾ ಮನೇಲಿ?"

"ಇಲ್ದೆ ಏನು? ಸೊಪ್ಪು ತುಂಬ್ಕೊಂಡು ರಾತ್ರಿಯೆಲ್ಲಾ ಮಾರ್ಕೆಟ್ಟಿಗೆ ಹೋಗ್ತಿದ್ವಿ. ಅಪ್ಪ ತೂಕಡಿಸ್ತಿದ್ದ. ನಾನೇ ಹೊಡೀತಿದ್ದೆ."

"ಭಯ ಆಗ್ತಿರ್ಲಿಲ್ವಾ?"

"ಹಗ್ಗ ನನ್ನ ಕೈಯಲ್ಲಿತ್ತಲ್ಲಪ್ಪ" ಅಂದರು. ಗೋಡೆಯ ಮೊಳೆಯಲ್ಲಿ ಅವರು ದಿನಾ ಹಿಂಡುವ ಟವೆಲ್ಲು ನೇತಾಡುತ್ತಿತ್ತು. ಅದನ್ನೇ ನೋಡಿದರು. "ಕುಸುಮಾ, ಅದನ್ನ ತಗೊಂಬಾ."

ಟವೆಲ್ಲನ್ನು ಮಗನ ಎದೆಯ ಮೇಲೆ ಅಡ್ಡ ಹಾಯಿಸಿ, ಎರಡೂ ಕಂಕುಳ ಕೆಳಗಿನಿಂದ ಹಿಂದಕ್ಕೆ ತರಿಸಿ, ತುದಿಗಳನ್ನು ತಾವೇ ಹಿಡಿದುಕೊಂಡರು. ಬೆನ್ನೇರಿ ಕುಳಿತು ಎಡದ ತುದಿ ಒಮ್ಮೆ ಎಳೆದು ನೋಡಿದರು, ಬಲದ್ದು ಒಮ್ಮೆ. "ನಾನು ಹೋ ಅಂದ್ರೆ ನಿಲ್ಬೇಕು. ಜಗ್ಗಿದ್ರೆ ಹೆಜ್ಜೆ ಹಾಕ್ಬೇಕು. ನೀನಾಗೇ ಹೊರಡೋ ಹಂಗಿಲ್ಲ."

"ಆಯ್ತಮ್ಮ."

"ಎತ್ತು ಮಾತಾಡಲ್ಲ" ಅಂದರು.

ಆ ದಿನ ಮೇಲಿನ ಐದು ಮೆಟ್ಟಿಲು ಮಾತ್ರ ಇಳಿದು ಹತ್ತಿದರು. ಕೈ ಕಂಬಿಯ ಕಡೆ ಹೋಗಲಿಲ್ಲ. ಅದಕ್ಕೆ ಬೇರೆ ಕೆಲಸವಿತ್ತು. ಒಂದು ದಿನ ಬಿಟ್ಟು ಹತ್ತು. ಆಮೇಲೆ ಮೊದಲ ತಿರುವಿನವರೆಗೆ. ಪೂರ್ತಿ ಇಳಿಯೋಣವೇ ಎಂದು ಗೋಪೀನಾಥ ಕೇಳಿದ್ದಕ್ಕೆ ತಾಯಿ ಒಪ್ಪಲಿಲ್ಲ. ನೆಲ ಮುಟ್ಟುವುದು ಹಬ್ಬದ ದಿನವೇ.

ಗೌರಿ ಹಬ್ಬದ ದಿನ ನನ್ನನ್ನೂ ಒಬ್ಬಟ್ಟಿನ ಊಟಕ್ಕೆ ಕರೆದಿದ್ದರು. ನಾನು ಹೋಗುವ ಹೊತ್ತಿಗೆ ನಂಜುಂಡಪ್ಪ ಮುಚ್ಚಿದ ವರ್ಕ್‌ಶಾಪಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ. ಕೋಲು ಪಕ್ಕಕ್ಕೆ, ತೊಡೆಯ ಮೇಲೆ ಹೊಸ ಮೊರ. ಎದುರಿಗೆ ಇನ್ನೊಂದು ಕುರ್ಚಿ ಖಾಲಿ ಇಟ್ಟಿದ್ದರು. ಗೋಪೀನಾಥನ ಅಪ್ಪ ಕೃಷ್ಣಯ್ಯನನ್ನು ಮೊದಲೇ ಕೈಹಿಡಿದು ಇಳಿಸಿ ಬಾಗಿಲ ಪಕ್ಕ ಕೂರಿಸಿದ್ದರು. ಬೀದಿಯ ಮೂರು ನಾಲ್ಕು ಮನೆಯವರಿಗೆ ಆ ಹೊತ್ತಿಗೇ ರಂಗೋಲಿ ತಿದ್ದುವ ಕೆಲಸ ಬಂದಿತ್ತು.

ಮೆಟ್ಟಿಲಿನ ಬಾಯಿ ಕತ್ತಲು. ಅಲ್ಲಿಂದ ಏನೂ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮೇಲೆಲ್ಲೋ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಆಮೇಲೆ "ಹೋ" ಎಂಬ ದನಿ. ಮೌನ. ಹತ್ತು ಉಸಿರಿನಷ್ಟು. ಮತ್ತೆ ಹೆಜ್ಜೆ.

ನಂಜುಂಡಪ್ಪ ಕಿವಿಯ ಹತ್ತಿರ ಕೈ ತಂದ. "ಅಕ್ಕನ ದನಿ ಅಲ್ವಾ?"

"ಹೌದು" ಅಂದೆ.

"ಅವಳು ಹಂಗೇ. ಗಾಡೀಲಿ ಒಂದಿನ ನನ್ನ ಕೈಗೆ ಹಗ್ಗ ಕೊಟ್ಟವಳಲ್ಲ."

ಎರಡನೇ ತಿರುವಿನಲ್ಲಿ "ಹೋ" ಬೇಗ ಬಂತು, ಮೌನ ಉದ್ದವಾಯಿತು. "ಬಲಗಡೆ ಗೋಡೆ, ಅವ್ವಾ, ಕಾಲು ಒಳಗೆ" ಎಂದು ಬೈರಪ್ಪ ಮೆಲ್ಲಗೆ ಹೇಳುವುದು ಕೇಳಿಸಿತು. ಆಂಬುಲೆನ್ಸಿನವರು ಕಾಲು ತಗುಲಿಸಿದ ಜಾಗ ಅದು. ನಂಜುಂಡಪ್ಪನ ಬೆರಳು ಮೊರದ ಅಂಚನ್ನು ಹಿಡಿದುಕೊಂಡಿತ್ತು. ಕೃಷ್ಣಯ್ಯ ರಂಗೋಲಿ ನೋಡುತ್ತಿದ್ದ. ಆಮೇಲೆ ಟವೆಲ್ಲು ಜಗ್ಗಿದ್ದು ನಮಗೆ ಕಾಣದಿದ್ದರೂ, ಹೆಜ್ಜೆ ಮತ್ತೆ ಶುರುವಾಯಿತು. ಒಂದೂ ಧೊಪ್ ಎನ್ನಲಿಲ್ಲ.

ಮೊದಲು ಹಿಂದು ಹಿಂದಕ್ಕೆ ಇಳಿಯುತ್ತಿದ್ದ ಬೈರಪ್ಪನ ಬೆನ್ನು ಬೆಳಕಿಗೆ ಬಂತು. ಅದರ ಹಿಂದೆ ಗೋಪೀನಾಥನ ಕೆಂಪಾದ ಮುಖ, ಅದರ ಮೇಲೆ ಚಿಕ್ಕಲಕ್ಷ್ಮಮ್ಮನ ಹೂ ಮುಡಿದ ತಲೆ. ಕೊನೆಯ ಮೆಟ್ಟಿಲಿನಲ್ಲಿ ಅವರು "ಹೋ" ಅಂದು, ಒಂದು ಸಲ ಬೀದಿಯನ್ನೆಲ್ಲ ನೋಡಿ, ಆಮೇಲೆ ಜಗ್ಗಿದರು. ಮಗ ಐದು ಎಣಿಸಿ ಕಾಲನ್ನು ನೆಲಕ್ಕಿಟ್ಟ.

ಕುರ್ಚಿಯಲ್ಲಿ ಕೂರಿಸಿದರು. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿದರು.

"ಏನೋ ನಂಜುಂಡ, ಇಷ್ಟು ಇಳಿದುಹೋಗಿದೀಯ?"

"ನೀನೇನು ಮೇಲೆ ಕೂತ್ಕೊಂಡು ದಪ್ಪ ಆಗಿದೀಯಾ?"

ಅವನು ಕೋಲೂರಿ ಎದ್ದು ನಿಂತ. ಅವಳು ಸೆರಗು ಚಾಚಿದಳು. ಮೊರ ಅವನ ಕೈಯಿಂದ ಅವಳ ಮಡಿಲಿಗೆ ಬಂತು. ಅವಳು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎದುರು ಮನೆಯವರ ರಂಗೋಲಿ ಒಂದೇ ಚುಕ್ಕೆಯ ಹತ್ತಿರ ನಿಂತಿತ್ತು.

"ಹೋದ ವರ್ಷದ್ದೆಲ್ಲಿ?" ಅಂದರು ಚಿಕ್ಕಲಕ್ಷ್ಮಮ್ಮ.

ಎಲ್ಲರೂ ಎಲ್ಲರನ್ನೂ ನೋಡಿದರು. ಅದು ಬೀರುವಿನ ಮೇಲೇ ಇತ್ತು.

"ನಾನು ತರ್ತೀನಿ ಅತ್ತೆ" ಅಂದಳು ಕುಸುಮಾ.

"ನೀನ್ಯಾಕೆ? ಅವನು ಹೋಗ್ಲಿ. ಕಾಲು ಇನ್ನೂ ಬಿಸಿ ಇದೆ."

ಗೋಪೀನಾಥ ಹೋದ. ಐವತ್ತೊಂದು ಹತ್ತಿ, ಐವತ್ತೊಂದು ಇಳಿದು, ಬಣ್ಣ ಮಾಸಿದ ಮೊರ ತಂದು ಮಾವನ ಕೈಗಿಟ್ಟ. ಉಸಿರು ಅಷ್ಟೇನೂ ಏರಿರಲಿಲ್ಲ. ಅವನಿಗೇ ಅದು ಗೊತ್ತಾಗಲಿಲ್ಲ. ನಾನು ಕಸುಬಿನವನಾದ್ದರಿಂದ ಗಮನಿಸಿದೆ. ನಂಜುಂಡಪ್ಪ ಎರಡನೇ ಸಲ ಎದ್ದು ಅದನ್ನೂ ಅಕ್ಕನ ಮಡಿಲಿಗೆ ಹಾಕಿದ. ಒಂದು ವರ್ಷದ ಬೆಲ್ಲ ಕಲ್ಲಾಗಿತ್ತು. ಬಳೆಗಳು ಚೆನ್ನಾಗಿಯೇ ಇದ್ದವು, ಅಲ್ಲೇ ತೊಟ್ಟುಕೊಂಡರು.

ಊಟವನ್ನು ಕೆಳಗೇ ತರಿಸಿ ಬಡಿಸಿದರು. ಸಂಜೆ ನಾಲ್ಕರ ಹೊತ್ತಿಗೆ ನಂಜುಂಡಪ್ಪನ ಆಟೋ ಬಂತು. "ಮುಂದಿನ ಹಬ್ಬಕ್ಕೆ ಬರ್ತೀನಿ ಅಕ್ಕ" ಅಂದ.

"ಹಬ್ಬದವರೆಗೂ ಯಾಕೆ? ಶುಕ್ರವಾರ ನಾನೇ ಕೆಂಗೇರಿಗೆ ಬರ್ತೀನಿ."

ಗೋಪೀನಾಥ ಬೈರಪ್ಪನ ಕಡೆ ನೋಡಿದ. ಬೈರಪ್ಪ ಎಲೆ ಅಡಿಕೆ ಮಡಿಚುತ್ತಿದ್ದ, ತಲೆಯೆತ್ತಲಿಲ್ಲ.

"ಮಾವ" ಅಂದ ಗೋಪೀನಾಥ, ಟವೆಲ್ಲನ್ನು ಎದೆಗೆ ಅಡ್ಡ ಹಾಕಿಕೊಂಡು ಅಮ್ಮನ ಮುಂದೆ ಬಗ್ಗುತ್ತ, "ನಿಮ್ಮನೆಗೆ ಎಷ್ಟು ಮೆಟ್ಲು?"

"ಮೂರು."

ಬೆನ್ನೇರಿದ ಚಿಕ್ಕಲಕ್ಷ್ಮಮ್ಮ ಟವೆಲ್ಲಿನ ತುದಿಗಳನ್ನು ಕೈಗೆ ಸುತ್ತಿಕೊಂಡರು. "ಮೂರಾದ್ರೆ ನಾನೇ ಹತ್ತೀನಿ. ನೀನು ಹಿಂದೆ ನಿಂತಿರು, ಸಾಕು" ಅಂದು ಜಗ್ಗಿದರು.